ಕ್ರೀಡಾಸ್ಮರಣೆಯೋ, ಹಿಂಸೆಯ ಅನುಮೋದನೆಯೋ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಕಬಡ್ಡಿಗೆ ಇರುವ ಮನ್ನಣೆ ಎಲ್ಲರಿಗೂ ತಿಳಿದದ್ದೇ. ಸುಗ್ಗಿ ಮುಗಿದ ಮೇಲೆ ಒಂದಲ್ಲ ಒಂದು ಊರಿನಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಇದ್ದೇ ಇರುತ್ತದೆ. ಕಳೆದ ಚಳಿಗಾಲದಲ್ಲಿ ನಡೆದ ಅಂತಹ ಒಂದು ಪಂದ್ಯಾವಳಿಯ ಮಾರನೆಯ ಬೆಳಿಗ್ಗೆ, ಕೊಬ್ಬರಿ ಮಂಡಿಯೊಂದರ ಜಗುಲಿಯ ಮೇಲೆ ಕುಳಿತು ನಾಲ್ಕಾರು ಹಿರಿಯರು ಆಡುತ್ತಿದ್ದ ಮಾತುಗಳನ್ನು ಕೇಳುವ ಸಂದರ್ಭ ನನಗೆ ಒದಗಿತು. ಅವರೆಲ್ಲರೂ ಸಜ್ಜನರು. ಅವರಲ್ಲಿ ಇಬ್ಬರು ನಮ್ಮ ಸಮಾಜದವರೇ. ಸೂರ್ಯಾಸ್ತದ ಅನಂತರ ಆಹಾರ ಮುಟ್ಟದವರು, ನೀರನ್ನು ಸೋಸದೆ ಕುಡಿಯದವರು.

ಮಾತು ಹಿಂದಿನ ರಾತ್ರಿಯ ಆಟದಿಂದ ಆರಂಭವಾಗಿ, ತಮ್ಮ ಕಾಲೇಜು ದಿನಗಳ ಆಟಗಾರರತ್ತ ಹೊರಳಿತು. "ಈಗಿನವರದು ಏನು ಆಟ? ಮೆತ್ತನೆ ಹಾಸಿಗೆ ಮೇಲೆ ಬೀಳ್ತಾರೆ. ಆಗಿನವರು ಗಂಡಸರು ಕಣಯ್ಯಾ!" ಎಂದರು ಒಬ್ಬರು. ಮತ್ತೊಬ್ಬರು ಈಗ ದಿವಂಗತರಾಗಿರುವ ಒಬ್ಬ ಪ್ರಸಿದ್ಧ ಹಿಡಿತಗಾರರ ಕತೆ ತೆಗೆದರು. ಅವರು ಎದುರಾಳಿಯ ತೊಡೆಯನ್ನು ತಬ್ಬಿ ತಿರುಚಿದಾಗ ಮೊಣಕಾಲು ಮುರಿದ ಸದ್ದು ಗೆರೆಯಾಚೆ ಕುಳಿತವರಿಗೂ ಕೇಳಿಸಿತಂತೆ. ಆ ಸದ್ದನ್ನು ಹೇಳುವವರು ಬಾಯಿಂದ ಅನುಕರಿಸಿ ತೋರಿಸಿದರು. ಕೇಳಿದವರು ತೊಡೆ ತಟ್ಟಿ ನಕ್ಕರು. ಪಕ್ಕದಲ್ಲಿ ನಿಂತಿದ್ದ ಪದವಿಪೂರ್ವ ತರಗತಿಯ ಹುಡುಗನೊಬ್ಬ ಕಣ್ಣರಳಿಸಿ ಕೇಳುತ್ತಿದ್ದ.

ನಾನು ನಗಲಿಲ್ಲ. ಇದು ನನ್ನ ಹಿರಿಮೆಯಲ್ಲ. ಸುಮಾರು 45 ವರ್ಷಗಳ ಹಿಂದೆ ಆ ಪಂದ್ಯವನ್ನು ನೋಡುತ್ತಿದ್ದ ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬ. ಆ ಸದ್ದು ಕೇಳಿದಾಗ ಎದ್ದು ನಿಂತು ಕೂಗಿದವರಲ್ಲಿಯೂ ಒಬ್ಬ. ಮುರಿದವರ ಹೆಸರು ಇಂದಿಗೂ ಎಲ್ಲರ ನಾಲಗೆಯ ಮೇಲಿದೆ. ಮುರಿಸಿಕೊಂಡವನು ಯಾರು ಎಂದು ನಾನು ಜಗುಲಿಯಲ್ಲಿ ಕೇಳಿದೆ. ಒಬ್ಬರಿಗೂ ಹೆಸರು ನೆನಪಿರಲಿಲ್ಲ.

ಆತನನ್ನು ಹುಡುಕುವುದು ಕಷ್ಟವಾಗಲಿಲ್ಲ. ಅದೇ ಪೇಟೆಯಲ್ಲಿ, ಒಂದು ಉಗ್ರಾಣದಲ್ಲಿ ಕುಳಿತು ಕೊಬ್ಬರಿ ಆರಿಸುವ ಕೆಲಸ ಮಾಡುತ್ತಾರೆ. ಅಟ್ಟ ಹತ್ತಲಾರರು, ಮೂಟೆ ಹೊರಲಾರರು. ಇಡೀ ವರ್ಷದ ಆದಾಯವನ್ನು ಅಟ್ಟದ ಮೇಲೆ ಒಣಗಿಸುವ ಸೀಮೆಯಲ್ಲಿ ಅಟ್ಟ ಹತ್ತಲಾರದವನ ಬಾಳು ಹೇಗಿದ್ದೀತೆಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. ಆತ ಯಾರನ್ನೂ ದೂರಲಿಲ್ಲ. ಆದರೆ ಆತ ಹೇಳಿದ ಒಂದು ಮಾತು ಈ ಲೇಖನಕ್ಕೆ ಕಾರಣವಾಯಿತು: "ಅವ್ರು ಆಸ್ಪತ್ರೆಗೆ ಬಂದು ಮೂರು ದಿವ್ಸ ನನ್ನ ಪಕ್ಕದಲ್ಲೇ ಕೂತಿದ್ರು ಸ್ವಾಮಿ. ನನಗಿಂತ ಅವ್ರೇ ಹೆಚ್ಚು ಅತ್ರು. ಆಮೇಲೆ ಆ ಪಟ್ಟನ್ನ ಅವ್ರು ಯಾವತ್ತೂ ಹಾಕ್ಲಿಲ್ಲ. ಅದನ್ನ ಮಾತ್ರ ಯಾರೂ ಹೇಳಲ್ವಲ್ಲ."

ಹೌದು, ಅದನ್ನು ಯಾರೂ ಹೇಳುವುದಿಲ್ಲ. ಮಾಡಿದವರು ಪಶ್ಚಾತ್ತಾಪ ಪಟ್ಟು ತೊರೆದ ಕೃತ್ಯವನ್ನು ನೋಡಿದವರಾದ ನಾವು ನಾಲ್ಕು ದಶಕಗಳಿಂದ ಜತನವಾಗಿ ಕಾಪಾಡಿಕೊಂಡು ಬಂದಿದ್ದೇವೆ. ಆಡಿದವರಿಗೆ ಅದು ಅಂದೇ ಮುಗಿಯಿತು. ನೋಡಿದವರಿಗೆ ಇನ್ನೂ ಮುಗಿದಿಲ್ಲ. ಹಾಗಾದರೆ ಈಗ ಆ ಹಿಂಸೆಯ ಕರ್ತೃ ಯಾರು?

ಈ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲಿಯೇ ಇದೆ. ಕರ್ಮಾಸ್ರವದ ದ್ವಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರನ್ನು ಮನಸ್ಸು, ಮಾತು, ಕಾಯ ಎಂಬ ಮೂರರಿಂದಲೂ, ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸುತ್ತದೆ. ಒಟ್ಟು 108. ನಮ್ಮ ಜಪಮಾಲೆಯ ಮಣಿಗಳಷ್ಟು. ಅವುಗಳಲ್ಲಿ 36 ಅನುಮೋದನೆಯವು. ಮೂರರಲ್ಲೊಂದು ಪಾಲಿನ ಪಾಪವು ತಾನು ಕೈ ಎತ್ತದೆ, ಬೇರೆಯವರಿಗೆ ಆಜ್ಞೆಯನ್ನೂ ಮಾಡದೆ, ಕೇವಲ 'ಭೇಷ್' ಎನ್ನುವುದರಿಂದ ಬರುವಂಥದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಅಪಧ್ಯಾನ ಮತ್ತು ದುಃಶ್ರುತಿಗಳೂ ಇವೆ. ಪರರಿಗೆ ಕೇಡನ್ನು ಚಿಂತಿಸುವುದು ಅಪಧ್ಯಾನ. ಚಿತ್ತವನ್ನು ಕಲುಷಿತಗೊಳಿಸುವ ಕತೆಗಳನ್ನು ಕೇಳುವುದು ದುಃಶ್ರುತಿ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ದಂಡವಾದ್ದರಿಂದಲೇ ಅದು ಅನರ್ಥದಂಡ. ಜೀವನೋಪಾಯಕ್ಕಾಗಿ ನೆಲ ಉಳುವವನಿಗೆ ಒಂದು ಅನಿವಾರ್ಯತೆಯಾದರೂ ಉಂಟು. ಮುರಿದ ಮೊಣಕಾಲನ್ನು ನೆನೆದು ನಗುವವನಿಗೆ ಯಾವ ಅನಿವಾರ್ಯತೆ?

ಇಲ್ಲಿ ಒಂದು ವಿವೇಕವನ್ನು ಮರೆಯಬಾರದು. ಕಬಡ್ಡಿಯೇ ಹಿಂಸೆ ಎಂದು ನಾನು ಹೇಳುತ್ತಿಲ್ಲ. ಹಿಂಸೆಯ ಮೂಲ ಪ್ರಮಾದದಲ್ಲಿದೆ, ಕಷಾಯದಲ್ಲಿದೆ. ಎಚ್ಚರದಿಂದ, ನಿಯಮದೊಳಗೆ ಆಡುವಾಗ ಕಾಲು ಉಳುಕುವುದು ಬೇರೆ. ಕಾಲನ್ನೇ ಗುರಿಯಾಗಿಟ್ಟುಕೊಂಡು ಇಳಿಯುವುದು ಬೇರೆ. ದೇಹದಾರ್ಢ್ಯ, ಉಸಿರಿನ ಹಿಡಿತ, ಸಂಘಟಿತ ಪ್ರಯತ್ನ, ಸೋಲನ್ನು ಸಹಿಸುವ ಶಕ್ತಿ ಇವೆಲ್ಲ ಆ ಆಟದಿಂದ ನಮ್ಮ ಮಕ್ಕಳಿಗೆ ಬರುವುದಾದರೆ ಬರಲಿ. ನನ್ನ ಆಕ್ಷೇಪ ಆಟದ ಮೇಲಲ್ಲ; ನಾವು ಆಟದಿಂದ ಆರಿಸಿಕೊಳ್ಳುವ ನೆನಪಿನ ಮೇಲೆ.

"ಮಾತಿನಿಂದ ಯಾರಿಗೆ ನೋವಾಯಿತು? ಅದು ಮುಗಿದ ಕತೆ" ಎನ್ನುವವರಿದ್ದಾರೆ. ಜಗುಲಿಯ ಪಕ್ಕದಲ್ಲಿ ನಿಂತಿದ್ದ ಹುಡುಗನನ್ನು ಅವರು ಮರೆಯುತ್ತಾರೆ. ಅಂಕಣದಲ್ಲಿ ಹೇಗೆ ಆಡಬೇಕೆಂದು ಅವನಿಗೆ ಹೇಳಿಕೊಡಲು ದೈಹಿಕ ಶಿಕ್ಷಕರಿದ್ದಾರೆ. ಆದರೆ ಊರಿನಲ್ಲಿ ಯಾವುದರಿಂದ ಹೆಸರು ಉಳಿಯುತ್ತದೆ ಎಂಬುದನ್ನು ಅವನು ಕಲಿಯುವುದು ಹಿರಿಯರ ಹರಟೆಯಿಂದ. ಮುಟ್ಟಿ ಬಂದ ಅಂಕಗಳನ್ನು ಯಾರೂ ನೆನೆಯುವುದಿಲ್ಲ, ಮುರಿದ ಮೂಳೆಯನ್ನು ಎಲ್ಲರೂ ನೆನೆಯುತ್ತಾರೆ ಎಂಬ ಪಾಠ ಅವನ ಮನಸ್ಸಿಗೆ ಅಂದು ಇಳಿಯಿತು. ನಾಳೆ ಅವನು ಯಾರದಾದರೂ ಕಾಲು ಮುರಿದರೆ, ಅದರಲ್ಲಿ ಆ ಜಗುಲಿಯ ಪಾಲಿಲ್ಲವೆಂದು ಹೇಳಲು ಯಾರಿಗೆ ಧೈರ್ಯವಿದೆ?

"ಈಗಿನ ಆಟ ಸಪ್ಪೆ" ಎಂಬುದು ಎರಡನೆಯ ಮಾತು. ಇದು ಸತ್ಯಕ್ಕೆ ದೂರ. ಏಳು ಮಂದಿಯ ಎದುರು ಒಬ್ಬನೇ ನುಗ್ಗಿ, 30 ಸೆಕೆಂಡುಗಳಲ್ಲಿ ಮುಟ್ಟಿ ಮರಳುವ ಕೆಲಸ ಎಂದೂ ಸಪ್ಪೆಯಾಗಲಾರದು. 1990ರಲ್ಲಿ ಬೀಜಿಂಗಿನಲ್ಲಿ ಕಬಡ್ಡಿ ಏಷ್ಯನ್ ಕ್ರೀಡಾಕೂಟವನ್ನು ಪ್ರವೇಶಿಸಿದ ಮೇಲೆ ಭಾರತದ ಪುರುಷರ ತಂಡ ಸತತವಾಗಿ ಏಳು ಬಾರಿ ಸ್ವರ್ಣಪದಕ ಗೆದ್ದಿತು. 2018ರಲ್ಲಿ ಜಕಾರ್ತದಲ್ಲಿ ಇರಾನ್ ಅದನ್ನು ತಡೆಯಿತು. 2023ರಲ್ಲಿ ಹಾಂಗ್‌ಝೌನಲ್ಲಿ ನಮ್ಮ ಪುರುಷರೂ ಮಹಿಳೆಯರೂ ಅದನ್ನು ಮರಳಿ ಪಡೆದರು. ಇದು ಸಪ್ಪೆಯಾದ ಆಟದ ಚರಿತ್ರೆಯಲ್ಲ. ದಾಳಿಗಾರನ ಬಾಯಿ ಮುಚ್ಚಿ ಉಸಿರು ಕಟ್ಟಿಸುವುದು, ಕಾಲುಗಳನ್ನು ಕತ್ತರಿಯಂತೆ ಹೆಣೆದು ಹಿಡಿಯುವುದು, ಗಾಯವಾಗುವಂತೆ ಕ್ರೂರವಾಗಿ ಕೆಡವುವುದು ನಿಯಮಬಾಹಿರ. ಹಸಿರು, ಹಳದಿ, ಕೆಂಪು ಚೀಟಿಗಳ ಎಚ್ಚರಿಕೆ ಬಂದಿದೆ. ಮಣ್ಣಿನ ಬದಲು ಮ್ಯಾಟ್ ಬಂದಿದೆ. ಇವು ಆಟಗಾರನ ಪೌರುಷವನ್ನು ಕುಗ್ಗಿಸಿದ ಕ್ರಮಗಳಲ್ಲ. ಆಟ ಮುಗಿದ ಮೇಲೆ ಅವನು ತನ್ನ ಕಾಲಿನ ಮೇಲೆಯೇ ಮನೆಗೆ ಹೋಗಲೆಂದು ಮಾಡಿದ ಕ್ರಮಗಳು.

ಮೂರನೆಯ ಮಾತು ವೀರದ್ದು. "ಕೆಚ್ಚೆದೆಯನ್ನು ಹೊಗಳುವುದೂ ತಪ್ಪೇ?" ಎಂದು ಕೇಳುತ್ತಾರೆ. ಕೆಚ್ಚನ್ನು ಹೊಗಳಿರಿ, ಆದರೆ ಕೆಚ್ಚು ಯಾವುದೆಂದು ಮೊದಲು ತಿಳಿಯಿರಿ. ಭರತ-ಬಾಹುಬಲಿಗಳ ಕತೆಯನ್ನು ನಾವು ಹಾಲು ಕುಡಿಯುವ ವಯಸ್ಸಿನಿಂದ ಕೇಳಿದ್ದೇವೆ. ಎರಡು ಸೇನೆಗಳು ಎದುರುಬದುರಾದಾಗ ಮಂತ್ರಿಗಳು ಮಾಡಿದ್ದೇನು? ಸಾವಿರಾರು ಜನರ ಸಾವನ್ನು ತಪ್ಪಿಸಲು ಯುದ್ಧವನ್ನು ದೃಷ್ಟಿ, ಜಲ, ಮಲ್ಲ ಎಂಬ ಮೂರು ಸ್ಪರ್ಧೆಗಳಾಗಿ ಮಾರ್ಪಡಿಸಿದರು. ನಿಯಮಬದ್ಧ ಕ್ರೀಡೆ ನಮ್ಮ ಪುರಾಣದಲ್ಲಿ ಹುಟ್ಟಿಕೊಂಡದ್ದೇ ಹಿಂಸೆಯನ್ನು ಕಡಿಮೆ ಮಾಡುವ ಉಪಾಯವಾಗಿ. ಮಲ್ಲಯುದ್ಧದಲ್ಲಿ ಬಾಹುಬಲಿ ಅಣ್ಣನನ್ನು ಎತ್ತಿ ಹಿಡಿದ. ನೆಲಕ್ಕೆ ಅಪ್ಪಳಿಸುವ ಬಲ ಅವನಿಗಿತ್ತು, ಅವಕಾಶವೂ ಇತ್ತು. ಅಪ್ಪಳಿಸಲಿಲ್ಲ.

ಮುಂದಿನದನ್ನು ಇನ್ನೂ ಗಮನವಿಟ್ಟು ನೋಡಬೇಕು. 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಸ್ವತಃ ಸೇನಾಪತಿ, ರಣರಂಗವನ್ನು ಕಂಡವನು. ಆತ ಬಯಸಿದ್ದರೆ ಅಣ್ಣನನ್ನು ಎತ್ತಿ ಹಿಡಿದ ಮಲ್ಲನನ್ನು ಕೆತ್ತಿಸಬಹುದಿತ್ತು. ಆದರೆ ಸುಮಾರು 58 ಅಡಿಯ ಆ ಕಲ್ಲಿನಲ್ಲಿ ಎದ್ದು ನಿಂತವನು ಗೆಲುವನ್ನು ತೊರೆದು ಕಾಯೋತ್ಸರ್ಗದಲ್ಲಿ ನಿಂತ, ಮೈಮೇಲೆ ಬಳ್ಳಿ ಹಬ್ಬಿದ ತಪಸ್ವಿ. ಒಂದೇ ಬಾಳಿನ ಎರಡು ನೆನಪುಗಳಲ್ಲಿ ಯಾವುದನ್ನು ಉಳಿಸಬೇಕೆಂದು ನಮ್ಮ ಹಿರಿಯರು ಆರಿಸಿಕೊಂಡರು. ತುರುವೇಕೆರೆಯ ನೆರೆಯ ಸೀಮೆಯಲ್ಲಿಯೇ ಆ ಮೂರ್ತಿ ನಿಂತಿದೆ. ಅದರ ಮುಂದೆ ಕೈಮುಗಿದು ಬಂದವರು ಜಗುಲಿಯ ಮೇಲೆ ಬೇರೊಂದು ಮೂರ್ತಿಯನ್ನು ಕಡೆಯುತ್ತಿದ್ದೇವೆ.

ಇದು ನಮ್ಮ ಊರಿನ ದೋಷವಷ್ಟೇ ಅಲ್ಲ. ಹಿಮದ ಮೇಲೆ ಆಡುವ ಐಸ್ ಹಾಕಿಯ ಅಭಿಮಾನಿಗಳು ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ಹಿಂದಿನ ಒರಟು ಆಟಗಾರರನ್ನು ಹೀಗೆಯೇ ಚಪ್ಪರಿಸಿಕೊಂಡು ನೆನೆಯುತ್ತಾರೆ. ಅಮೆರಿಕದ ಕಾಲೇಜು ಪಂದ್ಯಗಳಲ್ಲಿ ಹೊಡೆದಾಟಕ್ಕಿಳಿದವನನ್ನು ಹೊರಗೆ ಕಳಿಸುವ ನಿಯಮವಿದ್ದರೂ ನೆನಪಿನ ಅಂಕಣಕ್ಕೆ ತೀರ್ಪುಗಾರನಿಲ್ಲ. ಅಲ್ಲಿನ ವೃತ್ತಿಪರ ಆಟದಲ್ಲಿ ಮುಷ್ಟಿಕಾಳಗಕ್ಕೆಂದೇ ಹೆಸರಾಗಿದ್ದ ಡೆರೆಕ್ ಬೂಗಾರ್ಡ್ 2011ರಲ್ಲಿ, ನೋವಿನ ಮಾತ್ರೆ ಮತ್ತು ಮದ್ಯದ ದೆಸೆಯಿಂದ, 28ನೆಯ ವಯಸ್ಸಿಗೇ ತೀರಿಕೊಂಡ. ಅವನ ಮೆದುಳನ್ನು ಪರೀಕ್ಷಿಸಿದ ವೈದ್ಯರು ತಲೆಗೆ ಮತ್ತೆ ಮತ್ತೆ ಪೆಟ್ಟು ಬೀಳುವುದರಿಂದ ಬರುವ ವ್ಯಾಧಿಯನ್ನು ಕಂಡರು. ಜನ ಎದ್ದುನಿಂತು ಕೂಗಿದ ಪ್ರತಿಯೊಂದು ಹೊಡೆತವೂ ಹೊಡೆದವನ ತಲೆಯಲ್ಲಿಯೂ ಲೆಕ್ಕಕ್ಕೆ ಸೇರುತ್ತಿತ್ತು.

ಬೇರೆ ರೀತಿಯ ನೆನಪೂ ಸಾಧ್ಯ. 1962ರಲ್ಲಿ ಬಾರ್ಬಡೋಸ್ ತಂಡದ ವಿರುದ್ಧ ಆಡುವಾಗ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ತಾಗಿ ಭಾರತದ ಕ್ರಿಕೆಟ್ ನಾಯಕ ನಾರಿ ಕಾಂಟ್ರಾಕ್ಟರರ ತಲೆಬುರುಡೆ ಬಿರಿಯಿತು. ಅವರು ಮತ್ತೆ ಟೆಸ್ಟ್ ಆಡಲಿಲ್ಲ. ಆಗ ಅವರಿಗೆ ರಕ್ತ ಕೊಟ್ಟವರಲ್ಲಿ ಎದುರಾಳಿ ವೆಸ್ಟ್ ಇಂಡೀಸ್ ತಂಡದ ನಾಯಕ ಫ್ರಾಂಕ್ ವೊರೆಲ್ ಒಬ್ಬರು. ಬಂಗಾಳದ ಕ್ರಿಕೆಟ್ ಸಂಸ್ಥೆ ವೊರೆಲ್ ಅವರ ಹೆಸರಿನಲ್ಲಿ ರಕ್ತದಾನ ಶಿಬಿರ ನಡೆಸುತ್ತ ಬಂದಿದೆ. ಒಂದೇ ಘಟನೆಯಲ್ಲಿ ಬಿರಿದ ತಲೆಬುರುಡೆಯೂ ಇತ್ತು, ಚಾಚಿದ ತೋಳೂ ಇತ್ತು. ಅವರು ತೋಳನ್ನು ಆರಿಸಿಕೊಂಡರು. ಕೆಚ್ಚಿನ ಮಾತೇ ಬೇಕೆಂದರೆ ನಮ್ಮ ಅನಿಲ್ ಕುಂಬ್ಳೆ ಇದ್ದಾರೆ. 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬಂದು 14 ಓವರ್ ಎಸೆದು ಲಾರಾ ಅವರನ್ನು ಔಟ್ ಮಾಡಿದರು. ಅಲ್ಲಿ ಮುರಿದದ್ದು ಅವರದೇ ದವಡೆ. ನೋವನ್ನು ಕೊಟ್ಟುದಕ್ಕಲ್ಲ, ಸಹಿಸಿದ್ದಕ್ಕೆ ಆ ಹೆಸರು ನಿಂತಿತು. ಮಕ್ಕಳಿಗೆ ಹೇಳಲು ಇಂತಹ ಕತೆಗಳಿಗೆ ಬರವಿಲ್ಲ.

ಕೊನೆಯದಾಗಿ ನಮ್ಮ ಬಸದಿಗಳ ಟ್ರಸ್ಟುಗಳಿಗೆ ಒಂದು ವಿನಂತಿ. ಪಂದ್ಯಾವಳಿಯ ಸಂಘಟಕರು ರಸೀದಿ ಪುಸ್ತಕ ಹಿಡಿದು ಬಂದಾಗ ಊರಿನ ಸೌಹಾರ್ದಕ್ಕಾಗಿ ನಾವು ದೇಣಿಗೆ ಕೊಡುತ್ತೇವೆ. ಕೊಡಬೇಕಾದುದೂ ಸರಿ. ಈ ವರ್ಷ ಅವರು ಮೇಲೆ ಹೇಳಿದ ದಿವಂಗತರ ಹೆಸರಿನಲ್ಲಿ ಅತ್ಯುತ್ತಮ ಹಿಡಿತಗಾರನಿಗೆ ಪರ್ಯಾಯ ಫಲಕವೊಂದನ್ನು ಕೊಡಿರೆಂದು ನಮ್ಮ ಸಮಿತಿಯನ್ನು ಕೇಳಿದ್ದಾರೆ. ಧ್ವನಿವರ್ಧಕದಲ್ಲಿ ಮತ್ತೆ ಆ ಮೊಣಕಾಲಿನ ಕತೆ ಮೊಳಗುವುದು ಖಂಡಿತ. ನನ್ನ ಅಭಿಪ್ರಾಯ ಇಷ್ಟು: ಆ ಕತೆಗೆ ನಮ್ಮ ಭಂಡಾರದ ಒಂದು ರೂಪಾಯಿಯೂ ಸಲ್ಲಬಾರದು. ಭಕ್ತರು ಅಭಿಷೇಕಕ್ಕೆಂದು ಕೊಟ್ಟ ಹಣ ಅನುಮೋದನೆಯ ಪಾಪಕ್ಕೆ ಮೂಲಧನವಾಗಬಾರದು. ಕೊಡುವುದಾದರೆ ಮ್ಯಾಟಿಗೆ ಕೊಡೋಣ. ಅಂಕಣದ ಬಳಿ ರಾತ್ರಿಯಿಡೀ ಒಬ್ಬ ವೈದ್ಯರೂ ಒಂದು ವಾಹನವೂ ಇರುವಂತೆ ಕೊಡೋಣ. ಗಾಯಗೊಂಡವನ ಚಿಕಿತ್ಸೆಗೆ ಒಂದು ನಿಧಿ ಇಡೋಣ. ದಿವಂಗತರ ಹೆಸರಿನ ಫಲಕ ಬೇಕೇ? ಅದೂ ಇರಲಿ, ಆದರೆ ಇಡೀ ಪಂದ್ಯಾವಳಿಯಲ್ಲಿ ಯಾರನ್ನೂ ಗಾಯಗೊಳಿಸದೆ ಅತಿ ಹೆಚ್ಚು ಹಿಡಿತ ಸಾಧಿಸಿದವನಿಗೆ ಅದು ಸಲ್ಲಲಿ. ಆಸ್ಪತ್ರೆಯಲ್ಲಿ ಮೂರು ದಿನ ಕುಳಿತು ಅತ್ತು, ಆ ಪಟ್ಟನ್ನೇ ತೊರೆದವರ ಹೆಸರಿಗೆ ಅದೇ ಯೋಗ್ಯವಾದ ಗೌರವ. ಅವರ ಪಶ್ಚಾತ್ತಾಪವನ್ನು ಮರೆಮಾಚಿ ಅವರ ತಪ್ಪನ್ನು ಮಾತ್ರ ಮೆರೆಸಿದ ನಾವು ಇಬ್ಬರಿಗೂ ಅನ್ಯಾಯ ಮಾಡಿದ್ದೇವೆ.

ಫಲಕವನ್ನು ಪ್ರದಾನ ಮಾಡಲು ಯಾರನ್ನು ಕರೆಯಬೇಕೆಂಬುದನ್ನೂ ನಾನು ಸಮಿತಿಗೆ ಬರೆದು ತಿಳಿಸಿದ್ದೇನೆ. ಕೊಬ್ಬರಿ ಆರಿಸುವ ಆ ಮನುಷ್ಯ ವೇದಿಕೆಯ ಮೆಟ್ಟಿಲು ಹತ್ತಲಾರರು. ಆದುದರಿಂದ ಆ ದಿನ ವೇದಿಕೆಯ ಗಣ್ಯರು ಕೆಳಗಿಳಿದು ಬಂದು ಅಂಕಣದ ಬಳಿ ಅವರ ಪಕ್ಕದಲ್ಲಿ ನಿಲ್ಲಲಿ. ಪರ್ಯೂಷಣದ ಕೊನೆಗೆ ನಾವು ಎಲ್ಲ ಜೀವಿಗಳ ಕ್ಷಮೆ ಬೇಡುತ್ತೇವೆ. ಎದ್ದು ನಿಂತು ಕೂಗಿದ ಒಬ್ಬ ವಿದ್ಯಾರ್ಥಿ 45 ವರ್ಷ ತಡವಾಗಿ ಒಬ್ಬ ಮನುಷ್ಯನ ಹೆಸರು ಹಿಡಿದು ಕ್ಷಮೆ ಬೇಡಿ ಬಂದಿದ್ದಾನೆ. ಜಗುಲಿಯ ಮೇಲೆ ಕುಳಿತ ಉಳಿದ ಹಿರಿಯರೂ ಯೋಚಿಸಬೇಕೆಂದು ಪ್ರಾರ್ಥನೆ.