ಓಟಕ್ಕೆ ಗುರು ಮೊಬೈಲೋ, ಮೈಯೋ?

ಮಯೂರ್ ವಿಹಾರ್: ದೆಹಲಿ ಹಾಫ್ ಮ್ಯಾರಥಾನ್ 2005ರಲ್ಲಿ ಆರಂಭವಾದ ಮೇಲೆ ರಾಜಧಾನಿಯಲ್ಲಿ ದೂರದ ಓಟ ಕ್ರೀಡಾಪಟುಗಳ ಸೊತ್ತಾಗಿ ಮಾತ್ರ ಉಳಿದಿಲ್ಲ. ಕಚೇರಿ ನೌಕರರು, ಗೃಹಿಣಿಯರು, ನಿವೃತ್ತರು 21.1 ಕಿ.ಮೀ. ಓಡುವ ಹಂಬಲದಿಂದ ಹೆಸರು ನೋಂದಾಯಿಸುತ್ತಿದ್ದಾರೆ. ಸಂಜಯ್ ಲೇಕ್ ಉದ್ಯಾನ ಹತ್ತಿರವೇ ಇರುವ ಮಯೂರ್ ವಿಹಾರ್‌ನ ಕನ್ನಡಿಗರಿಗೆ ಅಭ್ಯಾಸಕ್ಕೆ ಜಾಗದ ಕೊರತೆಯಿಲ್ಲ. ಇದು ಸಂತಸದ ಸಂಗತಿ. ಆದರೆ ಓಟ ಕಲಿಸುವ ಗುರು ಯಾರು ಎಂಬುದೇ ಈಗಿನ ಪ್ರಶ್ನೆ.

‘ಒಂದೇ ತಿಂಗಳಲ್ಲಿ ಹಾಫ್ ಮ್ಯಾರಥಾನ್’, ‘ನೋವಾದರೂ ನಿಲ್ಲಬೇಡಿ’ ಎನ್ನುವ ವಿಡಿಯೋಗಳು ಮೊಬೈಲ್‌ನಲ್ಲಿ ಧಾರಾಳವಾಗಿವೆ. ಹೇಳುವವರಿಗೆ ನೋಡುಗರ ವಯಸ್ಸಾಗಲಿ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಾಗಲಿ ತಿಳಿದಿರುವುದಿಲ್ಲ. ಆರೋಗ್ಯದ ಸಲಹೆ ನೀಡುವ ಪ್ರಭಾವಿಗಳು ತಮ್ಮ ಅರ್ಹತೆಯನ್ನು ಬಹಿರಂಗಪಡಿಸಬೇಕು, ತಜ್ಞರಲ್ಲದವರು ತಮ್ಮ ಮಾತು ವೈದ್ಯರ ಸಲಹೆಗೆ ಬದಲಿಯಲ್ಲ ಎಂದು ಸ್ಪಷ್ಟಪಡಿಸಬೇಕು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಇದನ್ನು ಗಮನಿಸಿ ನೋಡುವವರು ಎಷ್ಟು ಮಂದಿ?

ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಸಲೀಸಾಯಿತೆಂದು ದೂರ ಹೆಚ್ಚಿಸಿದವರು ಮೊಣಕಾಲು ಹಿಡಿದು ಕೂರುವುದು ಇದೇ ಕಾರಣಕ್ಕೆ. ಐದು ಸಾವಿರಕ್ಕೂ ಹೆಚ್ಚು ಓಟಗಾರರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಅಂಶ ತಿಳಿಸಿದೆ. ಹಿಂದಿನ 30 ದಿನಗಳಲ್ಲಿ ಓಡಿದ ಅತಿ ಹೆಚ್ಚಿನ ದೂರಕ್ಕಿಂತ ಶೇ. 10ಕ್ಕೂ ಮೀರಿ ಒಂದೇ ದಿನ ಓಡಿದವರಲ್ಲಿ ಗಾಯದ ಅಪಾಯ ಹೆಚ್ಚು. ಅಂದರೆ 10 ಕಿ.ಮೀ. ಓಡಿದವರು ಮುಂದಿನ ಹೆಜ್ಜೆಯಲ್ಲಿ 11ಕ್ಕೆ ನಿಲ್ಲುವುದು ಲೇಸು. ನೇರವಾಗಿ 15ಕ್ಕೆ ಹಾರುವುದು ತರವಲ್ಲ.

ದೆಹಲಿಯ ಹವೆಯೂ ಲೆಕ್ಕಕ್ಕೆ ಬರಬೇಕು. ಅಕ್ಟೋಬರ್ ಓಟಕ್ಕೆ ಸಿದ್ಧತೆ ನಡೆಯುವುದು ಬಿರುಬಿಸಿಲು ಮತ್ತು ಮಳೆಗಾಲದ ಸೆಕೆಯಲ್ಲಿ. ತಂಪು ಊರಿನವರ ವೇಗ ಇಲ್ಲಿ ಸಲ್ಲದು. ಚಳಿ ಶುರುವಾದರೆ ಹೊಗೆಯ ಕಾಟ. 2017ರ ನವೆಂಬರ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘ ಓಟವನ್ನು ಮುಂದೂಡುವಂತೆ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತ್ತು. ಮನವಿ ಫಲಿಸದೆ ಓಟ ನಡೆಯಿತು. ವಾಯು ಗುಣಮಟ್ಟ ಸೂಚ್ಯಂಕ 200 ದಾಟಿದರೆ ಅದು ‘ಕಳಪೆ’ ವರ್ಗ. ಅಂಥ ದಿನ ಮನೆಯೊಳಗಿನ ವ್ಯಾಯಾಮವೇ ಜಾಣತನ.

ಹಾಗಾದರೆ ದಾರಿ ಯಾವುದು? ನಲವತ್ತು ದಾಟಿದವರು ಮೊದಲು ವೈದ್ಯರನ್ನು ಕಾಣಬೇಕು. ವಾರದ ಬಹುತೇಕ ಓಟ ಪಕ್ಕದವರೊಡನೆ ಮಾತಾಡುತ್ತಾ ಸಾಗುವಷ್ಟು ನಿಧಾನವಾಗಿರಲಿ. ವಿಶ್ರಾಂತಿಯೂ ಅಭ್ಯಾಸದ ಭಾಗವೇ. ಕನ್ನಡ ಸಂಘಗಳು ಭಾನುವಾರ ಬೆಳಿಗ್ಗೆ ಸದಸ್ಯರನ್ನು ಕಲೆಹಾಕಿ, ತಮ್ಮಲ್ಲೇ ಇರುವ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳಿಂದ ಸಲಹೆ ಕೊಡಿಸಿದರೆ ಅನೇಕರಿಗೆ ಅನುಕೂಲ. ಜೊತೆಗೆ ಮಾತಿಗೆ ಕನ್ನಡವೂ ಸಿಕ್ಕೀತು.

ಆತುರಗಾರನಿಗೆ ಬುದ್ಧಿ ಮಟ್ಟ ಎಂದರು ಹಿರಿಯರು. ಪದಕ ಒಂದು ದಿನದ್ದು, ಮೊಣಕಾಲು ಜೀವಮಾನದ್ದು.