ಶುಕ್ರವಾರದ ಪಾಠ: ತೂಕ ಮಾಡದ ಸೂಟ್‌ಕೇಸು

ಸಂಪಾದಕರ ಫೋನು ಬಂದಾಗ ನಾನು ಅಡುಗೆಮನೆಯಲ್ಲಿ ಬಂಗುಡೆ ಶುಚಿ ಮಾಡುತ್ತಿದ್ದೆ. "ಅಕ್ಕಾ, ರಾಜ್ಯೋತ್ಸವ ಸಂಚಿಕೆ ಪ್ರೆಸ್ಸಿಗೆ ಹೋಗಬೇಕು, ನಿಮ್ಮ ಅಂಕಣ ಒಂದೇ ಬಾಕಿ" ಎಂದರು. ಪ್ರತಿ ವರ್ಷ ಇದೇ ಮಾತು, ಪ್ರತಿ ವರ್ಷ ನನ್ನದೇ ಬಾಕಿ! ಈ ಸಲ ಏನು ಬರೆಯಲಿ ಎಂದು ಯೋಚಿಸುವಾಗ ನೆನಪಾದದ್ದು, ಕಳೆದ ಯುಗಾದಿ ಕೂಟದಲ್ಲಿ ಒಬ್ಬ ತಾಯಿ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ನನ್ನನ್ನು ಮೂಲೆಗೆ ಕರೆದು ಕೇಳಿದ ಪ್ರಶ್ನೆ. "ಮಗ ಒಂದು ತಿಂಗಳಿಂದ ಸಪ್ಪಗಿದ್ದಾನೆ. ಏನಾಯ್ತೋ ಅಂದ್ರೆ 'ಏನಿಲ್ಲ' ಅಂತಾನೆ. ನಿಮ್ಮ ಕ್ಲಾಸಲ್ಲಿ ಕಥೆ ಕವನ ಎಲ್ಲ ಬರೆಸ್ತೀರಲ್ಲ, ಅದರಲ್ಲೇನಾದ್ರೂ ಬರೆದಿದ್ದಾನಾ?"

ಬರೆದಿದ್ದ. ಆದರೆ ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದೇ ಈ ಸಲದ ಅಂಕಣ.

ಹೊಸದಾಗಿ ಬಂದವರಿಗಾಗಿ ಒಂದು ಮಾತು. ಖತೀಫ್‌ನ ನಮ್ಮ ಮನೆಯಲ್ಲಿ 2016ರಿಂದ ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ಮಕ್ಕಳಿಗೆ ಕನ್ನಡ ಪಾಠ ನಡೆಯುತ್ತದೆ. ಸೈಹಾತ್, ಸಫ್ವಾ ಕಡೆಯಿಂದ, ಕೆಲವೊಮ್ಮೆ ದಮ್ಮಾಮ್‌ನಿಂದಲೂ ಮಕ್ಕಳು ಬರುತ್ತಾರೆ. ಶಾಲೆಯಲ್ಲಿ ಇಂಗ್ಲಿಷು, ಆಟದ ಮೈದಾನದಲ್ಲಿ ಹಿಂದಿ, ಬಕಾಲಾದಲ್ಲಿ ಅರಬ್ಬಿ. ಕನ್ನಡ ಮನೆಯೊಳಗೆ ಮಾತ್ರ, ಅದೂ ಹೆಚ್ಚಾಗಿ ಬೈಸಿಕೊಳ್ಳುವಾಗ. ಮೊದಲ ವರ್ಷ ಕಾಗುಣಿತ, ಒತ್ತಕ್ಷರ, 'ನನ್ನ ಊರು', 'ದಸರಾ ಹಬ್ಬ' ಎಂಬ ಪ್ರಬಂಧಗಳಲ್ಲೇ ಕಳೆಯಿತು. ಭಾವನೆಗಳ ಗೋಜಿಗೆ ನಾನು ಹೋಗಿರಲಿಲ್ಲ.

ಹೋಗಬೇಕಾಗಿ ಬಂದದ್ದು 2017ರಲ್ಲಿ. ಆ ವರ್ಷದ ಜುಲೈಯಿಂದ ಇಲ್ಲಿ ಕುಟುಂಬದ ಪ್ರತಿಯೊಬ್ಬ ಅವಲಂಬಿತರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತಲ್ಲ, ನಿಮಗೆಲ್ಲ ನೆನಪಿರಬೇಕು. ವರ್ಷವರ್ಷ ನೂರು ಏರುತ್ತಾ 2020ಕ್ಕೆ ಅದು 400 ಆಯಿತು. ಹೆಂಡತಿ ಮತ್ತು ಮೂರು ಮಕ್ಕಳಿದ್ದವರು ವರ್ಷಕ್ಕೆ 19,200 ರಿಯಾಲ್ ಎಣಿಸಬೇಕು. ಸಾಧಾರಣ ಸಂಬಳದವರು ಏನು ಮಾಡಿಯಾರು? ಸಂಸಾರವನ್ನು ಊರಿಗೆ ಕಳಿಸಿ ಬ್ಯಾಚುಲರ್ ರೂಮಿಗೆ ಹೋದರು. ಕೆಲವರು ಕೆಲಸವೂ ಹೋಗಿ 'ಫೈನಲ್ ಎಕ್ಸಿಟ್'ನಲ್ಲಿ ಹೊರಟರು. ನನ್ನ ಚಾಪೆಯ ಮೇಲೆ ವಾರಕ್ಕೊಂದು ಜಾಗ ಖಾಲಿಯಾಗತೊಡಗಿತು. 'ದೂರ ಹೋದ ಗೆಳೆಯ' ಎಂದು ವಿಷಯ ಕೊಟ್ಟೆ. ಎಲ್ಲರೂ ಒಂದೇ ವಾಕ್ಯ ಬರೆದರು, "ನನಗೆ ತುಂಬಾ ಬೇಸರವಾಯಿತು." ಆಟಿಕೆ ಮುರಿದರೂ ಬೇಸರ, ಪರೀಕ್ಷೆ ಮುಂದೆ ಹೋದರೂ ಬೇಸರ, ಪಕ್ಕದಲ್ಲಿ ಕೂರುತ್ತಿದ್ದವನು ಇನ್ನು ಬರುವುದೇ ಇಲ್ಲ ಎಂದರೂ ಬೇಸರ! 'ಏನಿಲ್ಲ' ಮತ್ತು 'ಬೇಸರ' ಅಕ್ಕತಂಗಿಯರು ಎಂದು ಆಗ ನನಗೆ ಅನ್ನಿಸಿತು.

ಮುಂದಿನ ವಾರ ಪುಸ್ತಕ ಮುಚ್ಚಿಟ್ಟು ಆಟ ಆಡಿಸಿದೆ. ನಮ್ಮ ಕನ್ನಡದಲ್ಲಿ ಮನಸ್ಸಿನ ಸಂಕಟವೆಲ್ಲ ಮೈಯಲ್ಲೇ ಕಾಣಿಸಿಕೊಳ್ಳುತ್ತದೆ, ಗಮನಿಸಿದ್ದೀರಾ? ಹೊಟ್ಟೆಕಿಚ್ಚು, ಎದೆ ಭಾರ, ಕರುಳು ಚುರ್ ಅನ್ನುವುದು, ಮುಖ ಬಾಡುವುದು, ಮನಸ್ಸು ಕಲ್ಲು ಮಾಡಿಕೊಳ್ಳುವುದು, ಜೀವ ಬಾಯಿಗೆ ಬರುವುದು. ನಮಗೆ ಬಳಸಿ ಬಳಸಿ ಸವೆದ ನಾಣ್ಯಗಳು ಇವು. ಗಲ್ಫಿನಲ್ಲಿ ಬೆಳೆದ ಮಕ್ಕಳಿಗೆ ಟಂಕಸಾಲೆಯಿಂದ ಈಗಷ್ಟೇ ಬಂದಂತೆ ಹೊಳೆಯುತ್ತವೆ. ಒಬ್ಬಳು ಹೊಟ್ಟೆಯೊಳಗೆ ಗ್ಯಾಸ್ ಸಿಲಿಂಡರಿನ ಸಮೇತ ಕಿಚ್ಚಿನ ಚಿತ್ರ ಬಿಡಿಸಿದಳು. ಇನ್ನೊಬ್ಬ, ಅವನಿಗೆ ಆಗ ಹತ್ತು ವರ್ಷ, ಬಹಳ ಗಂಭೀರವಾಗಿ ಕೇಳಿದ: "ಎದೆ ಭಾರ ಅಂದ್ರೆ ಎಷ್ಟು ಕಿಲೋ ಆಂಟಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಲ್ಲಿಂದ ಅಲಂಕಾರದ ಪಾಠಕ್ಕೆ ಬಂದೆವು. ನಮಗೆ ದೊರೆತಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥ, ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ', ಅಲಂಕಾರಗಳನ್ನೇ ಕುರಿತದ್ದು ಎಂದು ಹೈಸ್ಕೂಲಿನಲ್ಲಿ ಓದಿದ್ದೀರಿ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂಬ ನಾಲ್ಕು ಅಂಗಗಳನ್ನು ಬಾಯಿಪಾಠ ಮಾಡಿ ಹತ್ತನೇ ತರಗತಿಯಲ್ಲಿ ಅಂಕವನ್ನೂ ಗಳಿಸಿದ್ದೀರಿ. ಮುಖ ಉಪಮೇಯ, ಕಮಲ ಉಪಮಾನ. ತೊಂದರೆ ಏನೆಂದರೆ ನಮ್ಮ ಮಕ್ಕಳು ಕಮಲ ಕಂಡದ್ದು ಕ್ಯಾಲೆಂಡರಿನ ಲಕ್ಷ್ಮಿಯ ಕಾಲ ಕೆಳಗೆ ಮಾತ್ರ! ಆದ್ದರಿಂದ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆಸಿ, ಎಡಗಡೆ ತಾವು ಕಣ್ಣಾರೆ ಕಂಡ ಖತೀಫ್‌ನ ವಸ್ತುಗಳನ್ನು ಬರೆಯಲು ಹೇಳಿದೆ. ಅದು ಉಪಮಾನದ ಸಾಲು. ಬಲಗಡೆ ಉಪಮೇಯ, ಅಂದರೆ ಅದು ಯಾವ ಭಾವನೆ, ಯಾರ ವಿಷಯ ಎಂಬುದು. ಮೊದಲು ವಸ್ತುವನ್ನು ಚೆನ್ನಾಗಿ ನೋಡಿ, ಭಾವನೆ ಆಮೇಲೆ ಬರಲಿ ಎಂದೆ. ಪ್ರಾಸ ಬೇಡವೇ ಬೇಡ ಎಂದೆ. ನ್ಯೂಯಾರ್ಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಂದ ಕವಿತೆ ಬರೆಸಿ 1970ರಲ್ಲಿ ಆ ಬಗ್ಗೆ ಪುಸ್ತಕ ಪ್ರಕಟಿಸಿದ ಕವಿ ಕೆನೆತ್ ಕೋಕ್ ಕೂಡ ಪ್ರಾಸವನ್ನು ದೂರವೇ ಇಟ್ಟಿದ್ದರು. ಪ್ರಾಸ ಹುಡುಕಲು ಹೊರಟ ಮಗು ಹೇಳಬೇಕಾದದ್ದನ್ನು ದಾರಿಯಲ್ಲೇ ಬಿಟ್ಟು ಬರುತ್ತದೆ.

ಖತೀಫ್ ಎಂದರೆ ಖರ್ಜೂರದ ತೋಟಗಳು. ಕಾಯಿ ಹಣ್ಣಾಗುವ ಒಂದೊಂದು ಹಂತಕ್ಕೂ ಅರಬ್ಬಿಯಲ್ಲಿ ಬೇರೆ ಹೆಸರಿದೆ. ಹಸಿರು ಕಾಯಿ ಕಿಮ್ರಿ, ಹಳದಿಯೋ ಕೆಂಪೋ ಆದಾಗ ಖಲಾಲ್, ಮೆತ್ತಗಾದಾಗ ರುತಬ್, ಒಣಗಿದಾಗ ತಮ್ರ್. ಮನೆಗೆ ಹೊಸ ತಂಗಿ ಬಂದಿದ್ದ ಒಬ್ಬ ಹುಡುಗಿ ಬರೆದಳು: "ನಾನು ಈಗ ಕಿಮ್ರಿ. ಯಾರೂ ಕೀಳಬೇಡಿ. ಒಗರು." ಮೂರೇ ವಾಕ್ಯ! ಎರಡನೇ ಹೆರಿಗೆಯ ಮನೆಯಲ್ಲಿ ದೊಡ್ಡ ಮಗುವಿಗೆ ಏನಾಗುತ್ತದೆ ಎಂದು ನನಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ಇನ್ನೊಬ್ಬ ಹುಡುಗನಿಗೆ ಸಿಟ್ಟು ಜಾಸ್ತಿ. ಶಾಲೆಯಿಂದ ದೂರು, ಮನೆಯಲ್ಲಿ ಪೆಟ್ಟು. ಅವನ ತಂದೆ ಪ್ಲಾಂಟಿನಲ್ಲಿ ಆಪರೇಟರ್. ರಾತ್ರಿ ದೂರದಿಂದ ಕಾಣುವ ಫ್ಲೇರ್ ಬೆಂಕಿಯನ್ನು ಅವನು ಎಡಗಡೆಯ ಸಾಲಿಗೆ ಹಾಕಿದ. ಹೆಚ್ಚಾದ ಅನಿಲವನ್ನು ಒಳಗೇ ಹಿಡಿದಿಟ್ಟರೆ ಒತ್ತಡ ಏರಿ ಅಪಾಯ, ಅದಕ್ಕೇ ಎತ್ತರದ ಕೊಳವೆಯ ತುದಿಯಲ್ಲಿ ಸುಟ್ಟುಬಿಡುತ್ತಾರೆ ಎಂದು ಅಪ್ಪ ಹೇಳಿದ್ದರಂತೆ. ಬಲಗಡೆ ಬರೆದ: "ನನ್ನ ಸಿಟ್ಟು. ಆದರೆ ನನ್ನದು ಎತ್ತರದಲ್ಲಿ ಇಲ್ಲ, ಎಲ್ಲರ ಮುಖಕ್ಕೆ ತಾಗುತ್ತದೆ." ಉಪಮಾನ ಎಲ್ಲಿ ಹೊಂದುವುದಿಲ್ಲ ಎಂಬುದನ್ನೂ ಕಂಡುಕೊಂಡಿದ್ದ. ಅದನ್ನು ಅವನೇ ಅಪ್ಪನಿಗೆ ತೋರಿಸಿದ. ಪೆಟ್ಟು ನಿಂತಿತೋ ಇಲ್ಲವೋ ನಾನು ವಿಚಾರಿಸಲಿಲ್ಲ, ವಿಚಾರಿಸಬೇಕಿತ್ತು.

ಇಷ್ಟರಲ್ಲಿ ನನಗೆ ಸ್ವಲ್ಪ ಜಂಭ ಬಂದಿತ್ತು. ಆಗಲೇ ಆ ತಪ್ಪು ನಡೆದದ್ದು.

ಎದೆಯ ಭಾರ ಎಷ್ಟು ಕಿಲೋ ಎಂದು ಕೇಳಿದ್ದನಲ್ಲ, ಅದೇ ಹುಡುಗ ಒಂದು ಶುಕ್ರವಾರ ಹೀಗೆ ಬರೆದು ತಂದ: "ನಮ್ಮ ಮನೆಯಲ್ಲಿ ಮಂಚದ ಕೆಳಗೆ ಒಂದು ಸೂಟ್‌ಕೇಸ್ ಇದೆ. ಅದನ್ನು ಇನ್ನೂ ಯಾರೂ ತೂಕ ಮಾಡಿಲ್ಲ. ಆದರೆ ಎಲ್ಲರೂ ಅದನ್ನು ಹೊತ್ತುಕೊಂಡ ಹಾಗೆ ನಡೆಯುತ್ತಾರೆ." ಬಲಗಡೆಯ ಸಾಲು ಖಾಲಿ. ನಾನು ಗಟ್ಟಿಯಾಗಿ ಓದಿ, ಶಭಾಷ್ ಎಂದು, ಅಷ್ಟಕ್ಕೇ ಸುಮ್ಮನಿರದೆ, ಎಲ್ಲ ಮಕ್ಕಳ ಎದುರಿಗೆ ಕೇಳಿಬಿಟ್ಟೆ: "ಬಲಗಡೆ ಯಾಕೆ ಬರೆದಿಲ್ಲ ಪುಟ್ಟಾ? ನೀವೂ ಊರಿಗೆ ಹೊರಟಿದ್ದೀರಾ? ಅಪ್ಪನ ಕೆಲಸ ಏನಾದರೂ..."

ಹುಡುಗ ಪುಸ್ತಕ ಮುಚ್ಚಿದ. ಅದೇ ರಾತ್ರಿ ಅವನ ತಾಯಿಯ ಫೋನು. ಜಗಳ ಮಾಡಲಿಲ್ಲ, ಮಾಡಿದ್ದರೆ ಚೆನ್ನಾಗಿತ್ತು. "ಮೇಡಂ, ನಾವಿನ್ನೂ ನಮ್ಮ ಅತ್ತೆಮಾವನಿಗೂ ಹೇಳಿರಲಿಲ್ಲ. ಈಗ ಮೂರು ಮನೆಯವರು ಫೋನ್ ಮಾಡಿ ಕೇಳಿದರು" ಎಂದರು ಅಷ್ಟೇ. ಕೆಲಸ ಕಳಕೊಂಡವನ ಮನೆಗೆ ಮರ್ಯಾದೆ ಎಂಬುದು ಕೊನೆಯ ಉಳಿತಾಯ. ಅದನ್ನು ಬೇರೆಯವರ ಮನೆಯ ಮಕ್ಕಳ ಮುಂದೆ ಖರ್ಚು ಮಾಡಿಬಿಟ್ಟಿದ್ದೆ. ಹುಡುಗ ಐದು ವಾರ ಪಾಠಕ್ಕೆ ಬರಲಿಲ್ಲ.

ಆ ದಿನಗಳಲ್ಲಿ ನನಗೆ ನೆನಪಾಗುತ್ತಿದ್ದದ್ದು ನನ್ನ ಅಜ್ಜಿ ಮತ್ತು ಅವಳ ಬೀಸುಕಲ್ಲು. ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಗ್ರಹವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ನಸುಕಿನಲ್ಲೆದ್ದು ರಾಗಿಯೋ ಜೋಳವೋ ಬೀಸುತ್ತಾ ಹಾಡಿದ ತ್ರಿಪದಿಗಳು. ಒಳಗೆ ಅತ್ತೆ ಮಲಗಿದ್ದಾಳೆ, ಗಂಡ ಮಲಗಿದ್ದಾನೆ. ತವರಿನ ನೆನಪು, ಮಕ್ಕಳಿಲ್ಲದ ಕೊರಗು, ಸತ್ತ ಮಗುವಿನ ಸಂಕಟ ಯಾವುದನ್ನೂ ನೇರವಾಗಿ ಹೇಳುವ ಹಾಗಿಲ್ಲ. ಅದಕ್ಕೇ ಬೀಸುವ ಕಲ್ಲಿಗೆ ಹೇಳಿಕೊಂಡರು, ಬಳ್ಳಿಯ ಮೇಲೆ ಹಾಕಿ ಹೇಳಿದರು, ಹಕ್ಕಿಯ ಮೇಲೆ ಹಾಕಿ ಹೇಳಿದರು. ಅತ್ತೆಗೆ ಅರ್ಥವಾಗುತ್ತಿರಲಿಲ್ಲವೇ? ಖಂಡಿತ ಆಗುತ್ತಿತ್ತು, ಅವಳೂ ಅದೇ ಕಲ್ಲು ಬೀಸಿ ಬಂದವಳು. ಆದರೆ ಎದ್ದು ಬಂದು "ಅದು ನನ್ನ ಬಗ್ಗೆಯೇ?" ಎಂದು ಕೇಳುತ್ತಿರಲಿಲ್ಲ. ಆ ಒಂದು ಸೌಜನ್ಯದ ಮೇಲೆ ಹಾಡು ನಿಂತಿತ್ತು. ಓದಲು ಬಾರದ ಅತ್ತೆಗೆ ಇದ್ದ ಬುದ್ಧಿ ಎಂ.ಎ. ಮಾಡಿದ ನನಗೆ ಇರಲಿಲ್ಲ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಬಲಗಡೆಯ ಸಾಲು ಖಾಲಿ ಇದ್ದರೆ ಅದು ಖಾಲಿಯೇ ಇರಲಿ. ನಾನು ಕೇಳಬಹುದಾದದ್ದು ಎಡಗಡೆಯ ವಸ್ತುವಿನ ಬಗ್ಗೆ ಮಾತ್ರ. ಸೂಟ್‌ಕೇಸಿನ ಬಣ್ಣ ಏನು, ಅದರ ಚಕ್ರ ಸರಿ ಇದೆಯೇ, ರಾತ್ರಿ ಅದು ಸದ್ದು ಮಾಡುತ್ತದೆಯೇ. ಇದರಿಂದ ಏನಾದರೂ ಆಗುತ್ತದೆಯೇ ಎಂದು ನನಗೂ ಅನುಮಾನವಿತ್ತು, 2020ರವರೆಗೆ.

ಆ ವರ್ಷದ ಮಾರ್ಚ್ 2ರಂದು ಸೌದಿಯ ಮೊದಲ ಕೊರೊನಾ ಪ್ರಕರಣ ಪ್ರಕಟವಾಯಿತು. ಮಾರ್ಚ್ 8ರಂದು ಖತೀಫ್‌ಗೆ ಬರುವ, ಖತೀಫ್‌ನಿಂದ ಹೋಗುವ ದಾರಿಗಳು ಬಂದ್. ಇಡೀ ದೇಶದಲ್ಲಿ ಮೊದಲು ಬಾಗಿಲು ಹಾಕಿಸಿಕೊಂಡದ್ದು ನಮ್ಮ ಊರೇ. ವಾರ ಕಳೆಯುವಷ್ಟರಲ್ಲಿ ಅಂತಾರಾಷ್ಟ್ರೀಯ ವಿಮಾನಗಳೂ ನಿಂತವು. ಪಾಠ ವಾಟ್ಸಾಪಿಗೆ ಬಂತು. ಏಪ್ರಿಲಿನಲ್ಲಿ ಕುಂದಾಪುರ ಕಡೆಯ ಒಬ್ಬ ಹುಡುಗಿಯ ಅಜ್ಜಿ ತೀರಿಕೊಂಡರು. ಹೋಗುವ ಮಾತೇ ಇಲ್ಲ. ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದರು. ಹುಡುಗಿ ಅಳಲಿಲ್ಲವಂತೆ. ಊಟ, ಆನ್‌ಲೈನ್ ಕ್ಲಾಸು, ಎಲ್ಲ ಎಂದಿನಂತೆ. ತಾಯಿಗೆ ಅದೇ ಭಯ. ಆ ಶುಕ್ರವಾರ ಅವಳು ಒಂದು ಫೋಟೋ ಕಳಿಸಿದಳು, ನೋಟ್‌ಬುಕ್ಕಿನ ಪುಟ. "ಖತೀಫ್ ಮೀನು ಮಾರ್ಕೆಟ್ಟಿನಲ್ಲಿ ಐಸಿನ ಮೇಲೆ ಒಂದು ಮೀನು. ಅದು ಎಲ್ಲರನ್ನೂ ನೋಡುತ್ತಿದೆ. ಅದಕ್ಕೆ ಯಾರೂ ಕಾಣುವುದಿಲ್ಲ." ಬಲಗಡೆ ಏನೂ ಇಲ್ಲ.

ನಾನು ಫೋನ್ ಮಾಡಿದೆ. ಅಜ್ಜಿಯ ಸುದ್ದಿ ಎತ್ತಲಿಲ್ಲ.

"ಯಾವ ಮೀನು ಮಗಾ?"

"ಗೊತ್ತಿಲ್ಲ ಆಂಟಿ. ದೊಡ್ಡದು."

"ಐಸು ಕರಗ್ತಾ ಇದೆಯಾ?"

"ಇಲ್ಲ. ಮೇಲಿಂದ ಮೇಲೆ ಹಾಕ್ತಾ ಇದಾರೆ."

"ಕಣ್ಣು ತೆರೆದೇ ಇದೆಯಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು, "ಮೀನಿಗೆ ರೆಪ್ಪೆ ಇರಲ್ಲ ಅಲ್ವಾ ಆಂಟಿ. ಮುಚ್ಚೋಕಾಗಲ್ಲ."

ಫೋನು ತಾಯಿಯ ಕೈಗೆ ಕೊಟ್ಟಳು. ಅರ್ಧ ಗಂಟೆಯ ಮೇಲೆ ತಾಯಿಯಿಂದ ಮೆಸೇಜು ಬಂತು: "ಅತ್ತಳು. ನಾನೂ."

ಇದನ್ನು ಓದಿ ಇದೇನು ಮಂತ್ರವೇ ಎಂದುಕೊಳ್ಳಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ತಮ್ಮ ಸಹೋದ್ಯೋಗಿಯೊಂದಿಗೆ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ತಮ್ಮ ಜೀವನದ ಅತ್ಯಂತ ನೋವಿನ ಘಟನೆಯ ಬಗ್ಗೆ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆಯಲು ಹೇಳಿದ್ದರು. ಘಟನೆಯನ್ನೂ ಅದರ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರಿಗೆ ಸಂಕಟ ಹೆಚ್ಚೇ ಆಗಿತ್ತು. ಅದಕ್ಕಾಗಿಯೇ ನಾನು ಪಾಠ ಮುಗಿಯಲು ಐದು ನಿಮಿಷ ಇರುವಾಗ ಇಂಥದ್ದನ್ನು ಬರೆಸುವುದಿಲ್ಲ. ಮೊದಲು ಬರೆಸಿ, ಆಮೇಲೆ ಅವಲಕ್ಕಿ ಕೊಟ್ಟು, ಅಂತ್ಯಾಕ್ಷರಿ ಆಡಿಸಿ ಕಳಿಸುತ್ತೇನೆ.

ಖಾಲಿ ಸಾಲಿನ ನಿಯಮಕ್ಕೆ ಒಂದು ವಿನಾಯಿತಿಯೂ ಇದೆ. ಮಗು ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಮಾತು, ಯಾರೋ ಮೈಮುಟ್ಟಿ ಹಿಂಸೆ ಕೊಡುವ ಸುಳಿವು ಬರಹದಲ್ಲಿ ಕಂಡರೆ ಅಲ್ಲಿ ಸೌಜನ್ಯ ನೋಡುತ್ತಾ ಕೂರಬಾರದು. ಮಗುವನ್ನು ಒಬ್ಬಂಟಿಯಾಗಿ ಕೂರಿಸಿಕೊಂಡು ನೇರವಾಗಿ ಕೇಳಬೇಕು, ಹೆತ್ತವರಿಗೆ ತಿಳಿಸಬೇಕು, ವೈದ್ಯರ ಹತ್ತಿರ ಹೋಗಬೇಕು. ಹಿಂಸೆ ಮನೆಯೊಳಗಿನದೇ ಎಂಬ ಅನುಮಾನವಿದ್ದರೆ ಮೊದಲು ವೈದ್ಯರ ಹತ್ತಿರ. ಒಗಟು ಬಿಡಿಸದೆ ಬಿಡುವುದು ಸಂಕಟಕ್ಕೆ ಸರಿ, ಅಪಾಯಕ್ಕೆ ಅಲ್ಲ.

ಯುಗಾದಿಯ ದಿನ ಪ್ರಶ್ನೆ ಕೇಳಿದ ತಾಯಿಗೆ ನಾನು ಹೇಳಿದ್ದು ಇಷ್ಟು: "ಬರೆದಿದ್ದಾನೆ, ಹೆದರುವಂಥದ್ದು ಏನೂ ಇಲ್ಲ. ಅವನು ಒಂದು ಗಾಳಿಪಟದ ಬಗ್ಗೆ ಬರೆದಿದ್ದಾನೆ. ನಿಮಗೆ ತೋರಿಸಬಹುದಾ ಅಂತ ಅವನನ್ನೇ ಕೇಳ್ತೇನೆ. ತೋರಿಸಿದ್ರೆ ಗಾಳಿಪಟದ ಬಗ್ಗೆ ಮಾತಾಡಿ, ಬೇರೆ ಏನೂ ಬೇಡ." ಅವರಿಗೆ ನನ್ನ ಮೇಲೆ ಸ್ವಲ್ಪ ಸಿಟ್ಟು ಬಂದಿರಬೇಕು, ಒಬ್ಬಟ್ಟಿನ ತಟ್ಟೆಯನ್ನು ಅಲ್ಲೇ ಇಟ್ಟು ಹೋದರು. ಎರಡು ವಾರದ ಮೇಲೆ ಹುಡುಗ ಒಪ್ಪಿದ.

ಅಂದ ಹಾಗೆ ಆ ಸೂಟ್‌ಕೇಸಿನ ಹುಡುಗ ಏನಾದ ಎಂದು ಕೇಳುತ್ತೀರಲ್ಲವೇ? ಆರನೇ ವಾರ ಬಂದ. ನಾನು ಎಲ್ಲ ಮಕ್ಕಳ ಎದುರಿಗೇ ಅವನಲ್ಲಿ ಕ್ಷಮೆ ಕೇಳಿದೆ. ಅವನು ತಲೆ ತಗ್ಗಿಸಿಕೊಂಡು ಕೂತಿದ್ದ. 2018ರ ಆರಂಭದಲ್ಲಿ ಸಂಸಾರ ಸಮೇತ ಊರಿಗೆ ಹೊರಟರು. ಕೊನೆಯ ಶುಕ್ರವಾರ ನೋಟ್‌ಬುಕ್ ತಂದು ನನ್ನ ಕೈಗೆ ಕೊಟ್ಟ. ಬಲಗಡೆ ಅವತ್ತೂ ಖಾಲಿ. ಎಡಗಡೆ ಹೀಗಿತ್ತು: "ಸೂಟ್‌ಕೇಸ್ ತೂಕ ಮಾಡಿದೆವು. 30 ಕಿಲೋಗಿಂತ ಜಾಸ್ತಿ ಇರುತ್ತದೆ ಎಂದು ಹೆದರಿದ್ದೆವು. 26 ಬಂತು."

"ಉಳಿದ ನಾಲ್ಕು ಕಿಲೋಗೆ ಏನು ಹಾಕ್ತೀಯೋ?" ಎಂದು ಕೇಳಿದೆ.

"ಖರ್ಜೂರ ಆಂಟಿ" ಎಂದ. "ಅಜ್ಜನಿಗೆ ಹಲ್ಲಿಲ್ಲ. ಮೆತ್ತಗಿರೋದು ಎಲ್ಲಿ ಸಿಗುತ್ತೆ?"