ಹೈಫಾ ನೆನಪಿನಲ್ಲಿ ನಮ್ಮ ಪಾಲು

ಆಸ್ಟ್ರೇಲಿಯ ತನ್ನ ಯೋಧರನ್ನು ನೆನೆಯುವ ಏಪ್ರಿಲ್ 25ರ ಆ್ಯನ್‌ಜಾಕ್ ದಿನದ ನಸುಕಿನಲ್ಲಿ ಸಿಡ್ನಿಯ ಮಾರ್ಟಿನ್ ಪ್ಲೇಸ್, ಮೆಲ್ಬರ್ನಿನ ಶ್ರೈನ್ ಆಫ್ ರಿಮೆಂಬರೆನ್ಸ್ ಮುಂದೆ ಜನ ಮೌನವಾಗಿ ನಿಲ್ಲುತ್ತಾರೆ. ಅಲ್ಲಿನ ಕನ್ನಡ ಮನೆಗಳ ಮಕ್ಕಳಿಗೆ ಹೆತ್ತವರು ಹೇಳಲೇಬೇಕಾದ ಸಂಗತಿಯೊಂದಿದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳ ಸವಾರರು ಈಟಿ, ಕತ್ತಿ ಹಿಡಿದು ಮೆಷಿನ್ ಗನ್‌ಗಳಿಗೆ ಎದುರಾಗಿ ನುಗ್ಗಿ ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದರು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನೇ ಏರಿ ಫಿರಂಗಿಗಳ ಮೇಲೆ ಬಿತ್ತು. ಅವರಿದ್ದ ಡೆಸರ್ಟ್ ಮೌಂಟೆಡ್ ಕೋರ್ ಎಂಬ ಸವಾರಸೇನೆಯ ದಂಡನಾಯಕ ಆಸ್ಟ್ರೇಲಿಯದ ಹ್ಯಾರಿ ಶೋವೆಲ್. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಕ್ವಿಜ್‌ಗೆಂದು ಇಸವಿಗಳನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ಈ ಕಥೆಯನ್ನು ಬಿಡಿಸಿ ಹೇಳಿ. ತಾವು ಬೆಳೆಯುತ್ತಿರುವ ನೆಲದ ಇತಿಹಾಸದಲ್ಲಿ ತಮಗೂ ಹಕ್ಕಿದೆಯೆಂದು ಅವರಿಗೆ ಖಂಡಿತ ಅರಿವಾಗುತ್ತದೆ.